ಕಾರು ಓಡಿಸಿದವನ ಹೆಸರು

ಗೆಜ್ಜಲಗೆರೆ ಪಕ್ಕದ ಆ ಊರಿನಲ್ಲಿ ಬೆಳ್ಳಮ್ಮನ ಮಾತಿಗೆ ಎದುರು ಮಾತಿರಲಿಲ್ಲ. ಗಂಡ ಸತ್ತಾಗ ಇಬ್ಬರು ಗಂಡುಮಕ್ಕಳೂ ಚಡ್ಡಿ ಹಾಕಿಕೊಂಡು ಸ್ಕೂಲಿಗೆ ಹೋಗುತ್ತಿದ್ದರು. ಅವರನ್ನು ಓದಿಸಿ, ಒಂದೂವರೆ ಎಕರೆ ಕಬ್ಬಿನ ಗದ್ದೆಯನ್ನು ದಾಯಾದಿಗಳ ಬಾಯಿಗೆ ಬೀಳದಂತೆ ಉಳಿಸಿಕೊಂಡು, ಹಿರಿಯವನಿಗೆ ಮದುವೆ ಮಾಡಿ, ಹೆಂಚಿನ ಮನೆಗೆ ತಾರಸಿ ಹಾಕಿಸಿದ ಹೆಂಗಸು. ಇಷ್ಟೆಲ್ಲ ಮಾಡಿದವಳಿಗೆ ತಾನು ಹೇಳಿದ್ದೇ ಸರಿ ಅನ್ನಿಸಿದರೆ ಯಾರೂ ಬೈಯುವಂತಿಲ್ಲ. ಆದರೆ ಆತಗೂರಿನ ಬೀಗರ ಊಟದ ದಿನ ಅವಳು ಹೇಳಿದ್ದು ಸರಿಯಿರಲಿಲ್ಲ.

ಬೆಳ್ಳಮ್ಮನ ತಮ್ಮನ ಮಗನಿಗೆ ಆತಗೂರಿನ ಹೆಣ್ಣು ತಂದಿದ್ದರು. ಮದುವೆಯಾಗಿ ಎಂಟು ದಿನಕ್ಕೆ ಹೆಣ್ಣಿನ ಮನೆಯವರು ಬೀಗರ ಊಟ ಇಟ್ಟರು. ನಮ್ಮ ಕಡೆ ಬೀಗರ ಊಟವೆಂದರೆ ಮುದ್ದೆ, ಬೋಟಿ ಗೊಜ್ಜು, ಚಾಪ್ಸು ಇಷ್ಟಕ್ಕೇ ಮುಗಿಯುವುದಿಲ್ಲ. ಗಂಡಸರಿಗೆ ಮನೆಯ ಹಿಂದಿನ ತೆಂಗಿನ ತೋಟದಲ್ಲಿ ಬೇರೆ ವ್ಯವಸ್ಥೆ ಇರುತ್ತದೆ. ಅಲ್ಲಿ ಬೇಡ ಎಂದವನು ಬೀಗರಿಗೆ ಅವಮಾನ ಮಾಡಿದ ಹಾಗೆ. ಬೆಳ್ಳಮ್ಮನ ಹಿರಿಮಗ ಪುಟ್ಟರಾಜು, ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್, ಯಾರಿಗೂ ಅವಮಾನ ಮಾಡುವ ಜಾತಿಯವನಲ್ಲ. ಮೂರು ಗಂಟೆಗೆ ತೋಟದಿಂದ ಬಂದಾಗ ಅವನ ಕಣ್ಣು ಕೆಂಪಗಿತ್ತು, ಚಪ್ಪಲಿ ಹುಡುಕಲು ಐದು ನಿಮಿಷ ಹಿಡಿಯಿತು.

ಅವನ ಹೆಂಡತಿ ವನಜಾ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಹೆಚ್ಚು ಮಾತಿಲ್ಲ, ಆಡಿದರೆ ಲೆಕ್ಕದ ಮಾತು. ಗಂಡನನ್ನು ಒಂದು ಸಲ ನೋಡಿ ಅತ್ತೆಯ ಹತ್ತಿರ ಬಂದಳು.

"ಅತ್ತೆ, ನಾನು ಮಕ್ಕಳನ್ನ ಕರ್ಕೊಂಡು ಬಸ್ಸಲ್ಲಿ ಬತ್ತೀನಿ."

"ಕಾರಲ್ಲಿ ಬಂದ ಬೀಗರು ಬಸ್ಸಲ್ಲಿ ಓದ್ರು ಅಂದ್ರೆ ಆತಗೂರೋರು ನಗಾಕಿಲ್ವಾ? ನನ್ ಮಗ ಕಣ್ಮುಚ್ಕೊಂಡು ಓಡುಸ್ತಾನೆ, ಕೂತ್ಕೊ ಸುಮ್ಕೆ," ಎಂದಳು ಬೆಳ್ಳಮ್ಮ.

ಕಿರಿಮಗ ಮಹದೇವು ಕುಡಿಯುವವನಲ್ಲ. ಅವನು ಅಣ್ಣನ ಕೈಯಿಂದ ಕೀ ಇಸಿದುಕೊಳ್ಳಲು ಹೋದ. ಅದಕ್ಕೂ ಬೆಳ್ಳಮ್ಮನೇ ಅಡ್ಡ ಬಂದಳು. "ನೀನು ಓಡುಸುದ್ರೆ ನಿಮ್ಮಣ್ಣ ಕುಡ್ದವ್ನೆ ಅಂತ ಡಂಗೂರ ಹೊಡ್ದಂಗಾಯ್ತದೆ ಕಣ್ಲಾ. ನೀನು ಬೈಕಲ್ಲಿ ಹಿಂದ್ಗಡೆ ಬಾ." ಮಹದೇವು ಕೈ ಹಿಂದಕ್ಕೆ ತೆಗೆದುಕೊಂಡ. ವನಜಾಳೂ ಮಕ್ಕಳನ್ನು ಕೂರಿಸಿ ಅತ್ತೆಯ ಜೊತೆ ಕಾರು ಹತ್ತಿದಳು. ಆ ಮನೆಯಲ್ಲಿ ಅಭ್ಯಾಸವೇ ಹಾಗೆ.

ಊರು ಬಿಟ್ಟು ಮೂರು ಮೈಲಿ ಬಂದಿರಲಿಲ್ಲ. ರಸ್ತೆ ಪಕ್ಕದಲ್ಲಿ ಕಬ್ಬು ತುಂಬಿಕೊಂಡು ನಿಂತಿದ್ದ ಟ್ರ್ಯಾಕ್ಟರ್ ಎಲ್ಲರಿಗೂ ಕಂಡಿತು, ಓಡಿಸುವವನೊಬ್ಬನನ್ನು ಬಿಟ್ಟು. ಕಾರು ಹೋಗಿ ಟ್ರೇಲರಿಗೆ ಗುದ್ದಿತು. ಮುಂದೆ ಕೂತಿದ್ದ ಎಂಟು ವರ್ಷದ ನಯನಳ ಬಲಗೈ ಮುರಿಯಿತು. ಐದು ವರ್ಷದ ಕುಸುಮಳ ಹಣೆ ಒಡೆದು ಮುಖವೆಲ್ಲ ರಕ್ತವಾಯಿತು. ಪುಟ್ಟರಾಜುವಿಗೆ ಒಂದು ತರಚು ಗಾಯವೂ ಇಲ್ಲ.

ಹಿಂದೆಯೇ ಬಂದ ಮಹದೇವು ಬೈಕನ್ನು ಎಸೆದು ಓಡಿಬಂದು ಕುಸುಮಳನ್ನು ಎತ್ತಿಕೊಂಡ. ಜನ ಇನ್ನೂ ದೂರದಲ್ಲಿ ಓಡಿಬರುತ್ತಿದ್ದರು. ಆ ಒಂದು ನಿಮಿಷದಲ್ಲಿ ಬೆಳ್ಳಮ್ಮ ತೀರ್ಮಾನ ಮಾಡಿದಳು. ಗದ್ದೆ ಉಳಿಸಿದ ಹಾಗೇ ಮಗನನ್ನೂ ಉಳಿಸುವೆನೆಂಬ ಧೈರ್ಯ ಅವಳಿಗೆ.

"ಪುಟ್ರಾಜ, ನೀನು ಕಬ್ಬಿನ ಗದ್ದೆ ಒಳಗಿಂದ ಮನೆಗೋಗು. ಮಹದೇವ, ಯಾರೇ ಕೇಳ್ಲಿ, ನೀನೇ ಓಡುಸ್ತಿದ್ದೆ ಅನ್ನು. ನೀನು ಕುಡ್ದಿಲ್ಲ, ನಿಂಗೇನೂ ಆಗಾಕಿಲ್ಲ."

ಪುಟ್ಟರಾಜು ಹೋದ. ಒಬ್ಬಳು ಮಗಳು ಕೈ ಹಿಡಿದುಕೊಂಡು ಚೀರುತ್ತಿದ್ದಳು, ಇನ್ನೊಬ್ಬಳು ರಕ್ತ ಒರೆಸಿಕೊಳ್ಳುತ್ತಿದ್ದಳು, ಅಪ್ಪನೆಂಬುವನು ಕಬ್ಬಿನ ಗರಿ ಸರಿಸಿಕೊಂಡು ಒಳಗೆ ಹೋದ. ವನಜಾ ಅದನ್ನು ಕಣ್ಣಾರೆ ನೋಡಿದಳು.

ಮಂಡ್ಯದ ಆಸ್ಪತ್ರೆಗೆ ಹೋಗುವ ಆಂಬುಲೆನ್ಸಿನಲ್ಲಿ ವನಜಾ ಮುಂದೆ ನಯನಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹಿಂದೆ ಬೆಳ್ಳಮ್ಮ ಕುಸುಮಳ ಹಣೆಗೆ ಸೆರಗು ಒತ್ತಿ ಹಿಡಿದು ದಾರಿಯುದ್ದಕ್ಕೂ ಒಂದೇ ಪಾಠ ಹೇಳಿದಳು: "ಚಿಕ್ಕಪ್ಪ ಓಡುಸ್ತಿತ್ತು ಅನ್ನವ್ವ. ಯಾರಾದ್ರೂ ಕೇಳುದ್ರೆ ಚಿಕ್ಕಪ್ಪ ಗುದ್ದುಸ್ತು ಅನ್ನು." ಮಗು ಅಳುತ್ತಲೇ ತಲೆ ಆಡಿಸಿತು. ಆಸ್ಪತ್ರೆಗೆ ಪೊಲೀಸರು ಬಂದರು. ಮಹದೇವು ಮೆಷಿನ್ನಿಗೆ ಊದಿದ, ಸೊನ್ನೆ ಬಂತು. ಅಜಾಗರೂಕತೆಯಿಂದ ಓಡಿಸಿದ್ದಾನೆಂದು ಅವನ ಹೆಸರಿಗೆ ಕೇಸು ಬರೆದುಕೊಂಡು ಹೋದರು. ವನಜಾ ಆಗ ಎಕ್ಸ್‌ರೇ ಕೋಣೆಯಲ್ಲಿದ್ದಳು.

ಮೂರನೆಯ ದಿನ ಆಸ್ಪತ್ರೆಯಿಂದ ಬಿಟ್ಟಾಗ ವನಜಾ ಮಕ್ಕಳನ್ನು ಕರೆದುಕೊಂಡು ನೇರ ಮಳವಳ್ಳಿಗೆ, ತವರಿಗೆ ಹೋದಳು. ಹೋಗುವಾಗ ಅತ್ತೆಗೆ ಹೇಳಿದ್ದು ಇಷ್ಟೇ: "ಕುಡಿದು ಓಡ್ಸಿದ್ದು ಅವರು, ಓಡ್ಸು ಅಂದೋರು ನೀವು. ಗೊತ್ತಿದ್ದೂ ಮಕ್ಕಳನ್ನ ಕೂರಿಸಿದೋಳು ನಾನು. ಇನ್ನು ಕೂರ್ಸಾಕಿಲ್ಲ." ಬೆಳ್ಳಮ್ಮ ಅದನ್ನು ದೊಡ್ಡದು ಮಾಡಲಿಲ್ಲ. ಸಿಟ್ಟು ಇಳಿದರೆ ಬರುತ್ತಾಳೆ, ಎಲ್ಲಿ ಹೋಗುತ್ತಾಳೆ ಎಂದುಕೊಂಡಳು.

ಮೊದಲ ಪೆಟ್ಟು ಬೇರೆ ಕಡೆಯಿಂದ ಬಂತು. ಮಹದೇವು ಸರ್ಕಾರಿ ಬಸ್ಸಿನ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿ, ಟ್ರ್ಯಾಕಿನಲ್ಲಿ ಬಸ್ಸು ಓಡಿಸಿ ತೋರಿಸಿ ಪಾಸಾಗಿದ್ದ. ತಿಂಗಳೊಳಗೆ ಪೊಲೀಸ್ ಪರಿಶೀಲನೆಯ ಕಾಗದ ಬಂತು, ನೇಮಕ ತಡೆಹಿಡಿದಿದ್ದರು. ಮಕ್ಕಳಿಬ್ಬರಿಗೆ ಗಾಯ ಮಾಡಿದ ಅಪಘಾತದ ಕೇಸು ತಲೆಯ ಮೇಲಿರುವವನ ಕೈಗೆ ಐವತ್ತು ಜನರ ಬಸ್ಸು ಯಾರು ಕೊಡುತ್ತಾರೆ? ಮಹದೇವು ಕಾಗದವನ್ನು ಟಿ.ವಿ. ಮೇಲಿಟ್ಟು ಗದ್ದೆಗೆ ಹೋದ. ಅವನು ಬೈದಿದ್ದರೆ ಬೆಳ್ಳಮ್ಮನಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಆದರೂ ಅವಳು ಸೋಲುವವಳಲ್ಲ. ಮೊದಲು ಸೊಸೆಯನ್ನು ಕರೆತರುವುದು, ಆಮೇಲೆ ಕೇಸಿಗೊಂದು ದಾರಿ ನೋಡುವುದು ಎಂದು ಕಜ್ಜಾಯ ಕಟ್ಟಿಸಿಕೊಂಡು, ಮಹದೇವುವನ್ನು ಜೊತೆಗೆ ಹೊರಡಿಸಿಕೊಂಡು ಮಳವಳ್ಳಿ ಬಸ್ಸು ಹತ್ತಿದಳು. ಮಕ್ಕಳಿಗೆ ಚಿಕ್ಕಪ್ಪನೆಂದರೆ ಪ್ರಾಣ. ಅವನನ್ನು ಕಂಡರೆ ಅರ್ಧ ಜಗಳ ಮುಗಿದ ಹಾಗೆ ಎಂಬುದು ಅವಳ ಉಪಾಯ.

ವನಜಾಳ ತಂದೆ ಮರಿಸಿದ್ದಯ್ಯ ಜಗಲಿಯ ಮೇಲೆ ಕೂತಿದ್ದವರು ಎದ್ದು "ಬನ್ನಿ" ಎಂದರು. ಅಂಗಳದಲ್ಲಿ ಆಡುತ್ತಿದ್ದ ಕುಸುಮ ತಿರುಗಿ ನೋಡಿದಳು. ಹಣೆಯ ಮೇಲೆ ಹೊಲಿಗೆಯ ಗುರುತು ಇನ್ನೂ ಕೆಂಪಾಗಿತ್ತು. ಮಹದೇವು ಕೈ ಚಾಚಿ ಬಗ್ಗಿದ್ದೇ ತಡ, ಮಗು ಕಿಟಾರನೆ ಕಿರುಚಿ ಅಮ್ಮನ ಹಿಂದೆ ಓಡಿತು.

"ನೀನು ಬರ್ಬ್ಯಾಡ! ನೀನು ನಮ್ಮಕ್ಕನ ಕೈ ಮುರ್ದೆ!"

ಮಹದೇವು ಬಗ್ಗಿದವನು ಬಗ್ಗಿದ ಹಾಗೇ ಇದ್ದ. ಆಮೇಲೆ ಕಜ್ಜಾಯದ ಪೊಟ್ಟಣವನ್ನು ಮೆಟ್ಟಿಲ ಮೇಲಿಟ್ಟು ರಸ್ತೆಗೆ ಹೋಗಿ ನಿಂತ. ಬೆನ್ನು ತಿರುಗಿಸಿ ನಿಂತಿದ್ದ, ಆದರೂ ಅಳುತ್ತಿದ್ದಾನೆಂದು ಬೆಳ್ಳಮ್ಮನಿಗೆ ಗೊತ್ತಾಯಿತು. ಹೆತ್ತವಳಿಗೆ ಬೆನ್ನು ನೋಡಿದರೂ ಗೊತ್ತಾಗುತ್ತದೆ.

"ಮಗೀಗೆ ನಿಜ ಯೋಳ್ಬಾರ್ದಾ ವನಜಾ?" ಎಂದಳು ಸಿಟ್ಟಿನಲ್ಲಿ.

"ದಿನಾ ಹೇಳ್ತೀನಿ ಅತ್ತೆ. ಗುದ್ದಿಸಿದ್ದು ಅಪ್ಪ, ಚಿಕ್ಕಪ್ಪ ಅಲ್ಲ ಅಂತ. ನಂಬಾಕಿಲ್ಲ. ಅಜ್ಜಿ ಯೋಳೈತೆ ಅಂತಾಳೆ."

ಬೆಳ್ಳಮ್ಮ ಒಳಗೆ ಹೋಗಲಿಲ್ಲ, ನೀರೂ ಕುಡಿಯಲಿಲ್ಲ. ತನ್ನ ಮಾತನ್ನು ಯಾರೂ ಮೀರುವುದಿಲ್ಲವೆಂದು ಇಷ್ಟು ವರ್ಷ ಮೆರೆದಿದ್ದಳು. ಈಗ ಅದೇ ಮಾತು ಮಗುವಿನ ತಲೆಯೊಳಗೆ ಕೂತು ಚಿನ್ನದಂಥ ಹುಡುಗನಿಗೆ ಕೈ ಮುರಿದವನ ಪಟ್ಟ ಕಟ್ಟಿತ್ತು. ಥೂ ಎಂದು ತನಗೆ ತಾನೇ ಬೈದುಕೊಂಡಳು. ರಸ್ತೆಗೆ ಬಂದು ಮಹದೇವುವಿನ ಫೋನಿನಿಂದ ಹಿರಿಮಗನಿಗೆ ಕರೆ ಮಾಡಿಸಿದಳು.

"ಪುಟ್ರಾಜ, ಮದ್ದೂರು ಸ್ಟೇಷನ್ನಿಗೆ ಬಾ. ಈಗ್ಲೇ. ಬಸ್ಸಲ್ಲಿ ಬಾ. ಬರ್ನಿಲ್ಲ ಅಂದ್ರೆ ನಾನೇ ನಿನ್ನ ಫ್ಯಾಕ್ಟ್ರಿ ಗೇಟಿಗೆ ಬಂದು ಎಲ್ರ ಮುಂದೆ ಯೋಳ್ತೀನಿ."

"ಬ್ಯಾಡ ಬುಡವ್ವ, ಅಣ್ಣನ ಕೆಲಸ ಓಯ್ತದೆ," ಎಂದ ಮಹದೇವು.

"ನಿಂದು ಓಯ್ತಾ ಐತಲ್ಲ, ಅದು ಕೆಲಸ ಅಲ್ವೇನ್ಲಾ?"

ಮದ್ದೂರಿನಲ್ಲಿ ಸಬ್‌ಇನ್ಸ್‌ಪೆಕ್ಟರ್ ಕುರ್ಚಿ ತೋರಿಸಿದರು. ಬೆಳ್ಳಮ್ಮ ಕೂರಲಿಲ್ಲ. ತೆಂಗಿನ ತೋಟದಿಂದ ಹಿಡಿದು ಕಬ್ಬಿನ ಗದ್ದೆಯವರೆಗೆ ಒಂದನ್ನೂ ಬಿಡದೆ ಹೇಳಿದಳು. ಅವರು ಪೆನ್ನು ಕೆಳಗಿಟ್ಟರು.

"ಅಮ್ಮಾ, ಇದನ್ನ ಬರ್ಕೊಂಡ್ರೆ ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ನಿಮ್ಮ ಮೇಲೂ ಕೇಸಾಗುತ್ತೆ, ಗೊತ್ತಾ?"

"ಮೊದ್ಲು ನನ್ನೆಸ್ರೇ ಬರ್ಕಳಿ ಸ್ವಾಮಿ. ಈ ಹುಡುಗನ್ ಬಾಯಿ ಕಟ್ಟಿದೋಳು ನಾನು. ಅವನ ಹೆಸ್ರು ತಗೀರಿ."

ಪುಟ್ಟರಾಜು ಬಾಗಿಲಲ್ಲಿ ಬಂದು ನಿಂತಿದ್ದ, ಯೂನಿಫಾರಂ ಇನ್ನೂ ಬಿಚ್ಚಿರಲಿಲ್ಲ. ಅವ್ವನನ್ನು ನೋಡಿದ, ತಮ್ಮನನ್ನು ನೋಡಿದ. ಸಬ್‌ಇನ್ಸ್‌ಪೆಕ್ಟರ್ ಅವನ ಕಡೆ ತಿರುಗಿದರು. "ಏನಪ್ಪಾ, ನಿಮ್ಮ ತಾಯಿ ಹೇಳ್ತಿರೋದು?"

"ಓಡ್ಸಿದ್ದು ನಾನೇ ಸಾರ್," ಎಂದ. "ಕುಡ್ದಿದ್ದೆ. ಮಕ್ಕಳನ್ನ ಬುಟ್ಟು ಓಡೋದೆ." ತಿಂಗಳಿನಿಂದ ಅವನೂ ನಿದ್ದೆ ಮಾಡಿರಲಿಲ್ಲ.

ಆಮೇಲಿನದು ಕೋರ್ಟಿನ ಲೆಕ್ಕ, ನಿಧಾನ. ಪುಟ್ಟರಾಜುವನ್ನು ಬಂಧಿಸಿ ಜಾಮೀನಿನ ಮೇಲೆ ಬಿಟ್ಟರು, ಲೈಸೆನ್ಸ್ ಅಮಾನತಾಯಿತು, ಫ್ಯಾಕ್ಟರಿಯವರು ಮನೆಯಲ್ಲಿ ಕೂರಿಸಿದರು. ಮಹದೇವು ಆರೋಪಿಯ ಜಾಗದಿಂದ ಸಾಕ್ಷಿಯ ಜಾಗಕ್ಕೆ ಬಂದ. ಅವನ ಕೆಲಸದ ಆದೇಶ ಇನ್ನೂ ಬಂದಿಲ್ಲ, ಬರುತ್ತದೆಂದು ವಕೀಲರ ಭರವಸೆ. ಬೆಳ್ಳಮ್ಮ ತಿಂಗಳಿಗೊಮ್ಮೆ ಮದ್ದೂರಿನ ಕೋರ್ಟಿಗೆ ಹೋಗಿ ಹೆಸರು ಕೂಗಿದಾಗ "ಬಂದಿವ್ನಿ ಸ್ವಾಮಿ" ಎನ್ನುತ್ತಾಳೆ, ತಲೆ ತಗ್ಗಿಸದೆ. ವನಜಾ ಮಾತ್ರ ಮಳವಳ್ಳಿಯಿಂದಲೇ ಎರಡು ಬಸ್ಸು ಬದಲಾಯಿಸಿ ಫಾರಂಗೆ ಹೋಗಿಬರುತ್ತಾಳೆ. ಕೇಸು ಮುಗಿಯಲಿ, ಗಂಡ ಕುಡಿತ ಬಿಟ್ಟು ಒಂದು ವರ್ಷ ಆಗಲಿ, ಆಮೇಲೆ ನೋಡೋಣ ಎಂದಿದ್ದಾಳೆ. ಅವಳ ಮಾತಿಗೂ ಈಗ ಎದುರು ಮಾತಿಲ್ಲ.

ಸ್ಟೇಷನ್ನಿನಲ್ಲಿ ಹೇಳಿಕೆ ಕೊಟ್ಟ ನಂತರದ ಭಾನುವಾರವೇ ಬೆಳ್ಳಮ್ಮ ಮಹದೇವು ಜೊತೆ ಮತ್ತೆ ಮಳವಳ್ಳಿಗೆ ಹೋದಳು. ಈ ಸಲ ಕೈಯಲ್ಲಿ ಕಜ್ಜಾಯವಿರಲಿಲ್ಲ. ಮಹದೇವು ಗೇಟಿನ ಆಚೆಯೇ ನಿಂತ. ಬೆಳ್ಳಮ್ಮ ಅಂಗಳದಲ್ಲಿ ಕುಸುಮಳ ಮುಂದೆ ನೆಲದ ಮೇಲೆ ಕೂತಳು. ಪಕ್ಕದಲ್ಲಿ ನಯನ ಕೈಯ ಬ್ಯಾಂಡೇಜು ಎದೆಗೊತ್ತಿಕೊಂಡು ನೋಡುತ್ತಿದ್ದಳು.

"ಕುಸುಮ, ಕಾರು ಗುದ್ದುಸ್ದೋನು ನಿಮ್ಮಪ್ಪ ಕಣವ್ವ. ಕುಡ್ದಿದ್ದ. ಚಿಕ್ಕಪ್ಪ ಕಾರಲ್ಲೇ ಇರ್ನಿಲ್ಲ, ಓಡ್ಬಂದು ನಿನ್ನ ಎತ್ಕಂಡೋನು ಅವ್ನು."

"ಚಿಕ್ಕಪ್ಪ ಅಂತ ನೀನೇ ಯೋಳ್ದಲ್ಲ?"

"ಯೋಳ್ದೆ. ನಾನು ಸುಳ್ಳು ಯೋಳ್ದೆ."

ಮಗು ಅಜ್ಜಿಯ ಮುಖವನ್ನು ನೋಡಿತು. ಆಮೇಲೆ ತಿರುಗಿ ಬಾಗಿಲಲ್ಲಿ ನಿಂತಿದ್ದ ವನಜಾಳನ್ನು ಕೇಳಿತು.

"ಅಮ್ಮಾ, ಅಜ್ಜಿ ಈಗ ಯೋಳ್ತಿರೋದು ನಿಜವಾ?"

ಅರವತ್ತು ವರ್ಷದಲ್ಲಿ ಮೊದಲ ಸಲ ಬೆಳ್ಳಮ್ಮ ತನ್ನ ಮಾತಿಗೆ ಇನ್ನೊಬ್ಬರ ಸಾಕ್ಷಿಗಾಗಿ ಕಾದು ಕೂತಳು. ವನಜಾ ಅತ್ತೆಯನ್ನು ನೋಡಿದಳು, ಅವಸರ ಮಾಡಲಿಲ್ಲ.

"ನಿಜ ಕಂದ," ಎಂದಳು.

ಕುಸುಮ ಎದ್ದು ಗೇಟಿನ ಕಡೆ ಓಡಿದಳು.