ಪಾದರಸ ಇಳಿದ ಹೊತ್ತು

ಅಪ್ಪ ಮೂವತ್ತು ವರ್ಷ ಹವಾಮಾನ ಕೇಂದ್ರದಲ್ಲಿ ಬಿಸಿಲು, ಗಾಳಿ, ಮಳೆ ಅಳೆದು ಬರೆದವರು; ಈಗ ಅದೇ ಕೆಲಸ ಮಗಳದ್ದು. ಗ್ರಹಣದ ಬೆಳಿಗ್ಗೆ ಅವರು ಆಸ್ಪತ್ರೆಯ ಮಂಚದಲ್ಲಿ ಒಂದೊಂದು ಉಸಿರಿಗೂ ಒದ್ದಾಡುತ್ತಿದ್ದರು. ಆದರೂ ಮಗಳು ಕಾಲ ಬಳಿ ಕೂತಿದ್ದು ಕಂಡು ಗದರಿದರು.

"ನನ್ನ ಮುಖ ನೋಡ್ತಾ ಕೂತ್ರೆ ಪಾದರಸ ತನ್ನ ಲೆಕ್ಕ ತಾನೇ ಬರ್ಕೊಳ್ಳುತ್ತಾ? ಹೋಗೇ. ಸೂರ್ಯ ಪೂರ್ತಿ ಮುಚ್ಚಿದ ಮೇಲೂ ಹತ್ತು ನಿಮಿಷ ನಿಲ್ಲು. ನೆಲ ತಣಿಯೋದು ನಿಧಾನ. ಅಸಲಿ ಇಳಿತ ಆಮೇಲೇ ಇರೋದು."

ಅಪ್ಪನ ಹತ್ತಿರ ತಮ್ಮ ಇದ್ದಾನಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಅವಳು ಹೊರಟಳು.

ಕೇಂದ್ರದಲ್ಲಿ ಅವಳೊಬ್ಬಳೇ. ಐದೈದು ನಿಮಿಷಕ್ಕೆ ಉಷ್ಣಮಾಪಕವಿದ್ದ ಬಿಳಿ ಪೆಟ್ಟಿಗೆಯ ಬಾಗಿಲು ತೆರೆದು ನೋಡುವುದು, ಬರೆಯುವುದು. ಮೂವತ್ತೊಂದು. ಮೂವತ್ತು. ಇಪ್ಪತ್ತೆಂಟೂವರೆ. ಬಿಸಿಲು ಬೂದಿ ಬಣ್ಣಕ್ಕೆ ತಿರುಗಿತು. ಕಂಬದ ಮೇಲೆ ಗಿರಗಿರ ಸುತ್ತುತ್ತಿದ್ದ, ಗಾಳಿಯ ವೇಗ ಅಳೆಯುವ ಬಟ್ಟಲುಗಳು ಮೆಲ್ಲಗಾಗಿ ನಿಂತೇಬಿಟ್ಟವು. ಹುಲ್ಲಿನ ತಂಪು ಪಾದಕ್ಕೆ ಥಟ್ಟನೆ ತಾಗಿತು.

ಸೂರ್ಯ ಪೂರ್ತಿ ಮುಚ್ಚಿದಾಗಲೇ ತಮ್ಮನ ಫೋನ್ ಬಂತು.

"ಅಕ್ಕಾ, ಬೇಗ ಬಾ. ಅಪ್ಪಂದು ಕೈ ಮೀರ್ತಾ ಇದೆ."

"ಹತ್ತೇ ನಿಮಿಷ ಕಣೋ. ಅಪ್ಪಾನೇ ಹೇಳಿದ್ದಾರೆ."

"ಹಾಳಾಗಿ ಹೋಗ್ಲಿ ನಿನ್ನ ಹತ್ತು ನಿಮಿಷ!"

ಕಾಲು ಗೇಟಿನ ಕಡೆ ಎಳೆಯಿತು, ಕಣ್ಣು ಪಾದರಸದ ಕಡೆ. ಅವಳು ನಿಂತಳು. ಬೆಳಕು ಮರಳಿದರೂ ಪಾದರಸ ಇಳಿಯುತ್ತಲೇ ಇತ್ತು, ಅಪ್ಪ ಹೇಳಿದಂತೆಯೇ. ಇಪ್ಪತ್ತಾರೂವರೆ. ಅಷ್ಟು ಬರೆದವಳೇ ಪೆಟ್ಟಿಗೆ ಮುಚ್ಚುವುದನ್ನೂ ಮರೆತು ಓಡಿದಳು.

ವಾರ್ಡಿನ ಬಾಗಿಲಲ್ಲಿ ತಮ್ಮ ನಿಂತಿದ್ದ. ಬಾಯಿ ಬಿಡುವ ಮೊದಲೇ ಅವನ ಮುಖ ಎಲ್ಲ ಹೇಳಿತು.

"ಅಪ್ಪ ಹೋಗಿ ಐದು ನಿಮಿಷಾನೂ ಆಗಿಲ್ಲ. ಕೊನೇವರೆಗೂ ಬಾಗಿಲ ಕಡೇನೇ ನೋಡ್ತಿದ್ರು."

ಅಪ್ಪನ ಕೈ ಇನ್ನೂ ಬೆಚ್ಚಗಿತ್ತು. ಅದು ತಣ್ಣಗಾಗುವವರೆಗೂ ಅವಳು ಬಿಡಲಿಲ್ಲ.

ತಮ್ಮ ನಾಲ್ಕು ತಿಂಗಳು ಮಾತು ಬಿಟ್ಟ. ಒಂದು ಮಧ್ಯಾಹ್ನ ಹೇಳದೆ ಕೇಳದೆ ಕೇಂದ್ರಕ್ಕೆ ಬಂದು, "ಆ ದಿನದ ಪುಟ ತೋರ್ಸು" ಎಂದ. ಅವಳು ದಪ್ಪ ಪುಸ್ತಕ ಬಿಡಿಸಿಟ್ಟಳು. ಅವನು ಅಂಕಿಗಳ ಮೇಲೆ ಬೆರಳಾಡಿಸುತ್ತಾ ಬಂದು ಕೊನೆಯದರ ಮೇಲೆ ನಿಲ್ಲಿಸಿದ. ಅದರ ಕೆಳಗಿನ ಸಾಲುಗಳೆಲ್ಲ ಖಾಲಿ.

"ಇಷ್ಟಕ್ಕಾ, ಅಕ್ಕಾ?"

"ಹೂಂ ಕಣೋ. ಇಷ್ಟಕ್ಕೇ."

ಅವನು ಬೈಯಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕೂತು, ಅಷ್ಟು ದಿನ ಅದುಮಿಟ್ಟಿದ್ದನ್ನೆಲ್ಲ ಅತ್ತು ತೀರಿಸಿದ. ಅವಳಿಗೆ ಅಳು ಬರಲಿಲ್ಲ. ಅವನ ಬೆನ್ನ ಮೇಲೆ ಕೈಯಿಟ್ಟು ಕೂತಳು.