ಲಕ್ಷ ಬತ್ತಿಯಲ್ಲಿ ಉಳಿದ ಒಂದು

ನಾನು ಲಕ್ಷ. ಒಂದರ ಮುಂದೆ ಐದು ಸೊನ್ನೆ. ಕೇಳಿದವರು ಅಬ್ಬಾ ಎನ್ನುತ್ತಾರೆ. ಒಳಗೆ ನೋಡಿದರೆ ಬರೀ ಎರಡು ಮತ್ತು ಐದು. ಐದು ಎರಡುಗಳನ್ನೂ ಐದು ಐದುಗಳನ್ನೂ ಗುಣಿಸಿದರೆ ಮುಗಿಯಿತು, ಅದೇ ನಾನು. ಇಬ್ಬರು ಬನ್ನಿ, ನಾಲ್ವರು ಬನ್ನಿ, ಐವರು ಬನ್ನಿ, ಸಮನಾಗಿ ಹಂಚಿಹೋಗುತ್ತೇನೆ. ಮೂವರು ಬಂದರೆ ಮಾತ್ರ ಒಂದು ಉಳಿದೇ ಉಳಿಯುತ್ತದೆ.

ಗದಗಿನ ಒಂದು ಮನೆಯಲ್ಲಿ ನಾನು ಹುಟ್ಟಿದ್ದು ಅಂಬಕ್ಕನ ಬಾಯಿಂದ. ಅವಳ ಒಬ್ಬನೇ ಮಗ ಪಾಂಡು ಆಸ್ಪತ್ರೆಯಲ್ಲಿದ್ದ. ಡಾಕ್ಟರು ಮುಖ ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದರು. "ನನ್ನ ಕೂಸು ಉಳೀಲಿ, ಲಕ್ಷ ಬತ್ತಿ ಹಚ್ಚತೀನಿ" ಎಂದು ಹರಕೆ ಹೊತ್ತಳು. ಬತ್ತಿ ಹೊಸೆಯುವ ಕೆಲಸ ಅವನ ಮೂವರು ಅಕ್ಕಂದಿರಿಗೆ ಬಿತ್ತು: ವನಮಾಲಾ, ಪ್ರಮೀಳಾ, ಕಿರಿಯಳು ಕುಮುದಾ.

"ಸಮಾ ಹಂಚ್ಕೋರಿ. ಪಾಂಡು ಮೂರೂ ಮಂದಿಗೆ ಅಷ್ಟs ಬೇಕಾದಾಂವ" ಎಂದಳು ಅಂಬಕ್ಕ.

ಲೆಕ್ಕದಲ್ಲಿ ಚುರುಕಾದ ಕುಮುದಾ ಥಟ್ಟನೆ, "ಅವ್ವಾ, ಒಂದು ಉಳೀತದಲ್ಲ!" ಎಂದಳು.

"ಒಂದಕ್ಕೇನವಾ, ಯಾರರೆ ಹೊಸೀರಿ."

ಬೆರಳಿಗೆ ವಿಭೂತಿ ಹಚ್ಚಿಕೊಂಡು ಹೊಸೆದರು, ಚರ್ಮ ಸುಲಿಯುವ ತನಕ ಹೊಸೆದರು. ತುಪ್ಪದಲ್ಲಿ ನೆನೆಸಿ ಹಚ್ಚಿದಾಗ ಅಂಗಳವೆಲ್ಲ ಬೆಳಕು. ಆ ವಾರದಲ್ಲೇ ಪಾಂಡು ತೀರಿಕೊಂಡ.

ಕರ್ಮಾಂತರ ಮುಗಿದ ಮಧ್ಯಾಹ್ನ ಪ್ರಮೀಳಾ ಕೇಳಿದಳು, "ಆ ಉಳಿದ ಒಂದು ಯಾರು ಹೊಸದ್ರಿ?"

 ವನಮಾಲಾ, "ಅಂವಗ ಕುಮುದಾ ಅಂದ್ರ ಜೀವ. ಆಕೀನs ಹೊಸೀಲಿ ಅಂತ ಬಿಟ್ಟೆ" ಎಂದಳು.

"ಕಡೀ ಬತ್ತಿ ಹಿರೇಕಿ ಕೈಲೆ ಆಗಲಿ ಅಂತ ನಾನೂ ಬಿಟ್ಟೆ, ಅಕ್ಕಾ" ಎಂದಳು ಕುಮುದಾ.

ಪ್ರಮೀಳಾ ಹಣೆ ಹಣೆ ಬಡಿದುಕೊಂಡಳು. "ಒಂದು ಬತ್ತಿಗೆ ತಮ್ಮನ್ನ ಕಳಕೊಂಡ್ವೆಲ್ಲ! ಉಳೀತದಂತ ಮೊದಲ ಹೇಳಿದಾಕಿ ನೀನs, ಕುಮುದಾ!"

ಅಯ್ಯೋ, ಹುಚ್ಚಿಯರಾ! ಉಳಿಯುವುದು ನನ್ನ ಗುಣ ಕಣ್ರೇ, ನಿಮ್ಮ ತಪ್ಪಲ್ಲ. ಆದರೆ ಸಂಖ್ಯೆಗೆ ಬಾಯಿ ಎಲ್ಲಿದೆ? ಅಕ್ಕಂದಿರಿಬ್ಬರೂ ಪಂಚಮಿಗೆ ತವರಿಗೆ ಬರುವುದನ್ನು ಬಿಟ್ಟರು. ಕುಮುದಾ ಬಂದರೂ ದೇವರ ಕೋಣೆಗೆ ಕಾಲಿಡುತ್ತಿರಲಿಲ್ಲ. ಅವಳ ಕೂದಲು ಬೆಳ್ಳಗಾಗುವವರೆಗೂ ನಾನು ಅವಳೊಳಗೇ ಇದ್ದೆ, ಒಂದು ಕಡಿಮೆಯಾಗಿ. ನನಗೂ ಸಾಕಾಗಿತ್ತು.

ಹಾಸಿಗೆ ಹಿಡಿದ ಅಂಬಕ್ಕ ಒಂದು ದಿನ ಅವಳ ಕೈ ಹಿಡಿದಳು. "ಕುಮುದಾ, ಆ ಬತ್ತಿ ನಾನs ಹೊಸದಿದ್ದೆ. ಲಕ್ಷ ಪೂರಾ ಆಗಿತ್ತು. ನಿಂದೇನೂ ತಪ್ಪಿಲ್ಲ, ನನ್ನವ್ವಾ."

ಶುದ್ಧ ಸುಳ್ಳು. ಅಂದು ಉರಿದದ್ದು ಮೂವರಿಗೂ ಚೊಕ್ಕವಾಗಿ ಹಂಚಿಹೋಗುವ ಸಂಖ್ಯೆ, ನಾನಲ್ಲ. ಆದರೂ ಮುದುಕಿಯ ಸುಳ್ಳಿಗೆ ನನ್ನ ಎದೆ ತುಂಬಿ ಬಂತು. ಇನ್ನಾದರೂ ಹುಡುಗಿ ಹಗುರಾಗುತ್ತಾಳೆ ಎಂದುಕೊಂಡೆ.

ಕುಮುದಾ ತಾಯಿಯ ಮುಖವನ್ನೇ ನೋಡಿದಳು. 

"ಪೂರಾ ಆಗಿತ್ತೇನು? ಹಂಗಾರ ಅಂವ ಯಾಕ ಹೋದ, ಅವ್ವಾ?"

ಅಂಬಕ್ಕ ಮಗಳ ತಲೆಯನ್ನು ಎದೆಗೆ ಒತ್ತಿಕೊಂಡಳು, ಅಷ್ಟೇ.