ಉಳಿದ ಎರಡೂವರೆ ಗಂಟೆ

ಬೆಳಿಗ್ಗೆ ಎಂಟಕ್ಕೆ ನೈರೋಬಿಯಲ್ಲಿ ವಿಮಾನ ಹತ್ತಿದವನು ಸಂಜೆ ನಾಲ್ಕೂವರೆಗೆ ಮುಂಬಯಿಯಲ್ಲಿ ಇಳಿದೆ ಎಂದು ಕುಷ್ಟ ಜಗಲಿಯಲ್ಲಿ ಕೂತು ಹೇಳುತ್ತಿದ್ದಾಗ ಅವನ ಹೆಂಡತಿ ನಾಗು ಕಾಫಿ ತಂದಳು. ಅಷ್ಟು ದೊಡ್ಡ ಕಡಲು ದಾಟಲು ಎಷ್ಟು ಹೊತ್ತು ಬೇಕಾಯಿತು ಎಂದು ನೆರೆಮನೆಯ ಬಚ್ಚ ಕೇಳಿದ. ಹತ್ತಿರ ಹತ್ತಿರ ಮೂರು ಸಾವಿರ ಮೈಲಿ, ಆದರೆ ಬರೀ ಆರು ಗಂಟೆ ಎಂದ ಕುಷ್ಟ. ಅಂದು ರಾತ್ರಿಯೇ ಬಸ್ಸು ಹಿಡಿದು ಊರಿಗೆ, ತೆಕ್ಕಟ್ಟೆಗೆ ಬಂದನಂತೆ.

ಕೇಳಿದವರೆಲ್ಲ ತಲೆದೂಗಿದರು. ನಾಗು ಮಾತ್ರ ಒಲೆಯ ಮುಂದೆ ಕೂತು ಬೆರಳು ಮಡಚಿದಳು. ಎಂಟರಿಂದ ನಾಲ್ಕೂವರೆಗೆ ಎಂಟೂವರೆ ಗಂಟೆ. ಆಕಾಶದಲ್ಲಿದ್ದದ್ದು ಆರೇ ಆದರೆ ಉಳಿದದ್ದು ಎಲ್ಲಿ ಹೋಯಿತು? ಗಂಡ ಆಫ್ರಿಕಾದ ಊಟದ ಮನೆಯಲ್ಲಿ ಅಡುಗೆಗೆ ನಿಂತ ಈ ಏಳು ವರ್ಷ ಗದ್ದೆ, ಹಟ್ಟಿ ಎಲ್ಲವನ್ನೂ ಒಬ್ಬಳೇ ನೋಡಿಕೊಂಡವಳು ಅವಳು. ಹಾಗೆ ಹೋದ ಗಂಡಸರು ಮುಂಬಯಿಯಲ್ಲಿ ಇನ್ನೊಂದು ಮನೆ ಮಾಡುತ್ತಾರೆಂದು ಬಚ್ಚನ ಹೆಂಡತಿ ಹಿಂದೊಮ್ಮೆ ಆಡಿದ್ದ ಮಾತು ಈಗ ಎದೆಯಲ್ಲಿ ಚುಚ್ಚಿತು.

ಮಧ್ಯಾಹ್ನ ಚೆನ್ನಯ್ಯ ಮಾಸ್ತರರ ಮನೆಗೆ ಹೋಗಿ, ಯಾರದೋ ವಿಷಯವೆಂಬಂತೆ ಕೇಳಿದಳು. ಅವರು ತೆಂಗಿನಕಾಯಿಯೊಂದನ್ನು ತಿರುಗಿಸುತ್ತ, ಸೂರ್ಯ ನಮಗೆ ಮೊದಲು ಕಾಣುತ್ತಾನೆ, ಅಲ್ಲಿಯವರಿಗೆ ಆಮೇಲೆ ಎಂದರು. ಹಾಗಾದರೆ ಗಂಟೆ ಕೂಡಿಸಬೇಕೋ ಕಳೆಯಬೇಕೋ ಎಂದರೆ ಕಾಯಿಯನ್ನು ಮತ್ತೊಂದು ಕಡೆ ತಿರುಗಿಸತೊಡಗಿದರು. ನಾಗುವಿಗೆ ಹೋಗುವಾಗ ಇದ್ದದ್ದಕ್ಕಿಂತ ಹೆಚ್ಚು ಗೊಂದಲವಾಯಿತು.

ಸಂಜೆ ಬಾವಿಕಟ್ಟೆಯ ಬಳಿ ಕಾಲು ತೊಳೆಯುತ್ತಿದ್ದ ಗಂಡನನ್ನು ಕೇಳಿಯೇಬಿಟ್ಟಳು. ಅಲ್ಲಿಯ ಗಡಿಯಾರ ಇಲ್ಲಿಗಿಂತ ಎರಡೂವರೆ ಗಂಟೆ ಹಿಂದೆ ಎಂದು ಅವನು ನಕ್ಕ. ಅವಳು ನಗಲಿಲ್ಲ.

"ಮುಂಬೈಯಲ್ ಯಾರಿದ್ರ್? ಸಮಾ ಹೇಳಿ."

ಕುಷ್ಟ ಚೊಂಬು ಕೆಳಗಿಟ್ಟ.

"ಗಂಟೆ ಲೆಕ್ಕ ಸಮಾ ಇತ್ತ್. ದಿನದ್ ಲೆಕ್ಕ ಸುಳ್ಳ್. ನಾ ಮುಂಬೈಗ್ ಬಂದ್ ಎಂಟ್ ದಿನ ಆಯ್ತ್."

ಆಮೇಲೆ ಒಂದೊಂದಾಗಿ ಹೇಳಿದ. ಹೊರಗಿನವರಿಗೆ ನೈರೋಬಿಯಲ್ಲಿ ಇನ್ನು ವ್ಯಾಪಾರದ ಪರವಾನಿಗೆ ಇಲ್ಲವೆಂದು ಯಜಮಾನ ಊಟದ ಮನೆ ಮುಚ್ಚಿದ್ದ. ಮುಂಬಯಿಯಲ್ಲಿ ಬ್ರಹ್ಮಾವರದವರೊಬ್ಬರ ಹೋಟೆಲಿನ ಮೂಲೆಯಲ್ಲಿ ಮಲಗಿ ಕೆಲಸ ಹುಡುಕಿದ್ದ. ಎರಡು ಸಲ ಬಸ್ ಸ್ಟ್ಯಾಂಡಿನ ತನಕ ಬಂದು ಹಿಂದಿರುಗಿದ್ದ.

"ಬರಿಗೈಯಗ್ ಬಪ್ಪುಕೆ ಮನ್ಸ್ ಬರ್ಲಿಲ್ಲೆ. ಇನ್ ತಿರ್ಗಿ ಹೋಪುಕಿಲ್ಲೆ, ನಾಗು."

ಬೇರೆ ಹೆಂಗಸು ಇರಲಿಲ್ಲ. ಅಷ್ಟು ತಿಳಿದದ್ದೇ ನಾಗುವಿನ ಎದೆ ಹಗುರಾಯಿತು. ಮರುಗಳಿಗೆಗೆ ಮತ್ತೇನೋ ಭಾರ ಬಂದು ಕೂತಿತು. ಅವನು ಬರಲಿ ಎಂದು ಬೇಡಿಕೊಳ್ಳದ ದಿನವಿರಲಿಲ್ಲ. ಈಗ ಪೂರ್ತಿಯಾಗಿ ಬಂದಿದ್ದಾನೆ. ಸಂತೋಷಪಡಬೇಕೋ ಅಳಬೇಕೋ ತಿಳಿಯದೆ, "ಗಂಜಿ ಆರ್ತ್, ಬನ್ನಿ" ಎಂದಷ್ಟೇ ಹೇಳಿ ಒಳಗೆ ನಡೆದಳು.

ಕೋಣೆಯ ಗೋಡೆಯಲ್ಲಿದ್ದ ಒಂದೇ ಮೊಳೆಯಲ್ಲಿ ಅವನ ಕೋಟು ತೂಗುತ್ತಿತ್ತು. ಅಲ್ಲಿದ್ದ ಅವಳ ಗದ್ದೆ ಕೆಲಸದ ಸೀರೆಯನ್ನು ಅವನು ಮಡಚಿ ನೆಲದ ಮೇಲೆ ಇಟ್ಟಿದ್ದ. ನಾಗು ಅದನ್ನು ಎತ್ತಿಕೊಂಡು, ಇನ್ನೊಂದು ಮೊಳೆ ಎಲ್ಲಿ ಹೊಡೆಯಲಿ ಎಂದು ನಾಲ್ಕೂ ಗೋಡೆಗಳನ್ನು ನೋಡುತ್ತ ನಿಂತಳು.